ಜನವರಿಯ ಹಡಗನ್ನು ನವೆಂಬರಿಗೆ ಸರಿಸಿದ ಬಗೆ

ಕಳೆದ ವರ್ಷ ಜೂನ್ ಕೊನೆಯಲ್ಲಿ ಪುಣೆಯಿಂದ ಮಗಳು ಫೋನ್ ಮಾಡಿ, ತನಗೆ ಮೂರನೆಯ ತಿಂಗಳೆಂದೂ ಡಾಕ್ಟರು ಜನವರಿಯ ಎರಡನೆಯ ವಾರದ ದಿನ ಹೇಳಿದ್ದಾರೆಂದೂ ತಿಳಿಸಿದಳು. ಚೊಚ್ಚಲ ಬಾಣಂತನ ತವರಿನಲ್ಲಿಯೇ ಆಗಬೇಕೆಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಮಾತಿಲ್ಲ. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯ ಒಳಕೋಣೆಗೆ ಸುಣ್ಣ ಹೊಡೆಸುವ ಮಾತು ಅಂದು ರಾತ್ರಿಯೇ ಶುರುವಾಯಿತು. ಮರುದಿನ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚುವಾಗ ನನಗೆ ಇನ್ನೊಂದು ದಿನಾಂಕ ನೆನಪಾಯಿತು. 2026ರ ಜನವರಿ 12ರಂದು ಸಿಂಗಪುರದಿಂದ ಹೊರಡುವ ಐದು ರಾತ್ರಿಗಳ ಕ್ರೂಸ್‌ನಲ್ಲಿ ನಮ್ಮಿಬ್ಬರಿಗೆ ಒಂದು, ಹುಬ್ಬಳ್ಳಿಯ ಅಣ್ಣ ಮತ್ತು ವೈನಿಗೆ ಒಂದು, ಹೀಗೆ ಎರಡು ಬಾಲ್ಕನಿ ಕ್ಯಾಬಿನ್‌ಗಳನ್ನು ನಾವು ಆರು ತಿಂಗಳ ಹಿಂದೆಯೇ ರಿಯಾಯಿತಿಯಲ್ಲಿ ಕಾಯ್ದಿರಿಸಿದ್ದೆವು.

ಪ್ರವಾಸವನ್ನು 2026ರ ನವೆಂಬರಿಗೆ ಮುಂದಕ್ಕೆ ಹಾಕುವುದರಲ್ಲಿ ನಮಗಾರಿಗೂ ಬೇಸರವಿರಲಿಲ್ಲ. ಆದರೆ ಆ ಬುಕಿಂಗ್‌ನ ಜೊತೆ ಬಂದಿದ್ದ ಅನುಕೂಲಗಳು ದಿನಾಂಕ ಬದಲಿಸಿದರೆ ಉಳಿಯುತ್ತವೆಯೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಸುಮಾರು ಐದು ವಾರ ಬೇಕಾಯಿತು. ನಮ್ಮ ಊರಿನ ಕಡೆಯಿಂದ ಈಗ ಹಡಗಿನ ಪ್ರವಾಸಕ್ಕೆ ಹೋಗುವವರು ಹೆಚ್ಚುತ್ತಿದ್ದಾರೆ. ಕಾರ್ಡೇಲಿಯಾ ಸಂಸ್ಥೆಯ ಎಂಪ್ರೆಸ್ ಹಡಗು 2021ರಲ್ಲಿ ಮುಂಬೈಯಿಂದ ಸಂಚಾರ ಶುರು ಮಾಡಿದ ಮೇಲೆ ನಮ್ಮ ಓಣಿಯಲ್ಲಿಯೇ ಮೂರು ಮನೆಯವರು ಹೋಗಿ ಬಂದರು, ಕೆಲವರು ಈಗ ಸಿಂಗಪುರದತ್ತ ನೋಡುತ್ತಿದ್ದಾರೆ. ಆದ್ದರಿಂದ ನಾನು ಕಂಡುಕೊಂಡದ್ದನ್ನು ವಿವರವಾಗಿ ಬರೆದಿಡುವುದು ಸರಿ ಎನಿಸಿತು.

ಮೊದಲು ಆ ಬುಕಿಂಗ್ ಹೇಗೆ ಆಯಿತೆಂದು ಹೇಳಬೇಕು. 2024ರ ಡಿಸೆಂಬರಿನಲ್ಲಿ ನಾವು ನಾಲ್ವರೂ ಸಿಂಗಪುರದಿಂದ ಪೆನಾಂಗ್ ಮತ್ತು ಫುಕೆಟ್‌ಗೆ ನಾಲ್ಕು ರಾತ್ರಿಗಳ ಪ್ರವಾಸ ಮಾಡಿದೆವು. ದೊಡ್ಡ ಕ್ರೂಸ್ ಹಡಗುಗಳಲ್ಲಿ ಮುಂದಿನ ಪ್ರವಾಸವನ್ನು ಹಡಗಿನಲ್ಲಿರುವಾಗಲೇ ಕಾಯ್ದಿರಿಸುವವರಿಗೆಂದು ಒಂದು ಮೇಜು ಇರುತ್ತದೆ. ರಾಯಲ್ ಕೆರಿಬಿಯನ್ ಸಂಸ್ಥೆ ಇದನ್ನು ನೆಕ್ಸ್ಟ್‌ಕ್ರೂಸ್ ಎಂದು ಕರೆದರೆ ನಾರ್ವೇಜಿಯನ್ ಸಂಸ್ಥೆ ಕ್ರೂಸ್‌ನೆಕ್ಸ್ಟ್ ಎನ್ನುತ್ತದೆ. ಹೆಸರು ಬೇರೆಯಾದರೂ ಉದ್ದೇಶ ಒಂದೇ. ಹಡಗು ಬಂದರು ಬಿಟ್ಟ ಮೇಲೆ ಖಾಲಿ ಉಳಿದ ಕ್ಯಾಬಿನ್ ಹುಬ್ಬಳ್ಳಿಯ ಬಸ್ ನಿಲ್ದಾಣ ಬಿಟ್ಟ ಬಸ್ಸಿನ ಖಾಲಿ ಸೀಟಿನ ಹಾಗೆ, ಅದರಿಂದ ಮತ್ತೆ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 8ನೆಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದೆ, ನಾವು ಹೋದಂಥ ಹಡಗುಗಳು ಸುಮಾರು 350 ಮೀಟರ್ ಉದ್ದವಿರುತ್ತವೆ. ಆ ಪ್ಲಾಟ್‌ಫಾರ್ಮಿನ ಪಕ್ಕದಲ್ಲಿ ನಾಲ್ಕು ಹಡಗು ಸಾಲಾಗಿ ನಿಂತರೆ ಹೇಗಿದ್ದೀತೆಂದು ಊಹಿಸಿಕೊಂಡರೆ, ಒಂದೊಂದು ಹಡಗಿನ ಸಾವಿರಾರು ಕ್ಯಾಬಿನ್‌ಗಳನ್ನು ವಾರವಾರವೂ ತುಂಬಿಸುವ ಕೆಲಸ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಪ್ರವಾಸದ ಖುಷಿಯಲ್ಲಿರುವವರ ಹತ್ತಿರ ಮುಂದಿನ ವರ್ಷದ ಮುಂಗಡವನ್ನು ಈಗಲೇ ಪಡೆದರೆ ಸಂಸ್ಥೆಗೆ ನೆಮ್ಮದಿ, ಅದಕ್ಕಾಗಿಯೇ ಅದು ಪ್ರಯಾಣಿಕರಿಗೆ ಒಂದಿಷ್ಟು ಬಿಟ್ಟುಕೊಡುತ್ತದೆ.

ನಮಗೆ ಬಿಟ್ಟುಕೊಟ್ಟದ್ದು ಎರಡು. ಸಾಮಾನ್ಯವಾಗಿ ತಲೆಗೆ 250 ಡಾಲರ್ ಇದ್ದ ಮುಂಗಡ 150 ಡಾಲರಿಗೆ ಇಳಿಯಿತು. ಇದರ ಜೊತೆಗೆ ಕ್ಯಾಬಿನ್ ಒಂದಕ್ಕೆ 100 ಡಾಲರ್ ಆನ್‌ಬೋರ್ಡ್ ಕ್ರೆಡಿಟ್ ಸಿಕ್ಕಿತು. ಆನ್‌ಬೋರ್ಡ್ ಕ್ರೆಡಿಟ್ ಎಂದರೆ ಹಡಗಿನೊಳಗಿನ ನಮ್ಮ ಖಾತೆಗೆ ಸಂಸ್ಥೆಯೇ ಹಾಕಿಡುವ ಜಮೆ. ವೈಫೈ, ದಡದ ಮೇಲಿನ ಸುತ್ತಾಟ, ಬೇರೆಯಾಗಿ ದುಡ್ಡು ಕೊಟ್ಟು ಉಣ್ಣುವ ರೆಸ್ಟೋರೆಂಟ್ ಇಂಥವುಗಳಿಗೆ ಅದನ್ನು ಖರ್ಚು ಮಾಡಬಹುದು. ಇಂಥ ಜಮೆಯನ್ನು ಸಾಮಾನ್ಯವಾಗಿ ನಗದಾಗಿ ಕೊಡುವುದಿಲ್ಲ, ಖರ್ಚಾಗದೆ ಉಳಿದದ್ದು ಪ್ರವಾಸದ ಕೊನೆಗೆ ಹೋಗಿಬಿಡುತ್ತದೆ.

ಆ ಮೇಜಿನ ಮುಂದೆ ಕುಳಿತಾಗ ನಮಗೆ ಎರಡು ಬಗೆಯ ದರ ತೋರಿಸಿದರು. ಒಂದರಲ್ಲಿ ಮುಂಗಡವನ್ನು ಹಿಂದಕ್ಕೆ ಪಡೆಯಬಹುದು, ಇನ್ನೊಂದರಲ್ಲಿ ಪಡೆಯುವಂತಿಲ್ಲ. ಎರಡನೆಯದು ತಲೆಗೆ 30 ಡಾಲರ್ ಅಗ್ಗ. ನಾನು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು, ಅದರಲ್ಲಿ ಬಹಳಷ್ಟು ವರ್ಷ ಠೇವಣಿಗಳ ವಿಭಾಗದಲ್ಲಿ ಕಳೆದವಳು. ಹದಿಮೂರು ತಿಂಗಳ ಮುಂದಿನ ದಿನಾಂಕಕ್ಕೆ ಹಣ ಕಟ್ಟುವಾಗ ಹಿಂದಕ್ಕೆ ಬರುವ ದಾರಿ ಇರಲಿ ಎಂದು ಮೊದಲನೆಯದನ್ನೇ ಆರಿಸಿದೆ. ಅಣ್ಣ ಅಗ್ಗದ ದರವನ್ನು ಆರಿಸಿದ. ಒಂದೇ ಮೇಜಿನ ಮೇಲೆ ಹತ್ತು ನಿಮಿಷದ ಅಂತರದಲ್ಲಿ ಮಾಡಿದ ಈ ಎರಡು ಆಯ್ಕೆಗಳು ಮುಂದೆ ಎರಡು ಬೇರೆ ಲೆಕ್ಕಗಳಾದವು.

ಜುಲೈ ಮೊದಲ ವಾರದಲ್ಲಿ ನಾನೂ ಅಣ್ಣನೂ ಹುಬ್ಬಳ್ಳಿಯ ನಮ್ಮ ಟ್ರಾವೆಲ್ ಏಜೆಂಟರ ಕಚೇರಿಗೆ ಹೋದೆವು. ಹಡಗಿನಲ್ಲಿ ಮಾಡಿದ ಬುಕಿಂಗ್ ಅನ್ನು ಅಲ್ಲಿಯೇ ಇವರ ಹೆಸರಿಗೆ ಜೋಡಿಸಿಕೊಟ್ಟಿದ್ದರು. ಮೇಜಿನ ಹಿಂದಿನ ಹುಡುಗ ಕಂಪ್ಯೂಟರಿನಲ್ಲಿ ನಮ್ಮ ಬುಕಿಂಗ್ ಸಂಖ್ಯೆ ಹಾಕಿ ನೋಡಿ, "ಮೇಡಂ, ಇವೆರಡನ್ನೂ ಕ್ಯಾನ್ಸಲ್ ಮಾಡಿ ನವೆಂಬರಿಂದು ಹೊಸಾದು ಹಾಕಿಬಿಡೂಣ್ರಿ, ಐದು ನಿಮಿಷದ ಕೆಲಸ" ಎಂದ. ಅವನ ಮನಸ್ಸಿನಲ್ಲಿ ಮೋಸವಿರಲಿಲ್ಲ. ರೈಲಿನ ಟಿಕೆಟ್ಟನ್ನೂ ವಿಮಾನದ ಟಿಕೆಟ್ಟನ್ನೂ ದಿನವಿಡೀ ಹಾಗೆಯೇ ಬದಲಿಸಿಕೊಡುವ ಕೈ ಅದು. ಆದರೆ ಹೊಸ ಬುಕಿಂಗ್‌ಗೆ ಮುಂಗಡ ಎಷ್ಟು ಎಂದು ನಾನು ಕೇಳಿದಾಗ ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ. ತಲೆಗೆ 250 ಡಾಲರ್ ಎಂದಿತ್ತು. ಆನ್‌ಬೋರ್ಡ್ ಕ್ರೆಡಿಟ್‌ನ ಸಾಲು ಅಲ್ಲಿ ಇರಲೇ ಇಲ್ಲ. ಒಂದು ರಾತ್ರಿ ತಡೆಯಿರಿ, ಏನನ್ನೂ ಒತ್ತಬೇಡಿ ಎಂದು ಹೇಳಿ ಎದ್ದು ಬಂದೆವು.

ಅಂದು ರಾತ್ರಿ ವಿದ್ಯಾನಗರದ ಅಣ್ಣನ ಮನೆಯಲ್ಲಿ ಊಟವಾದ ಮೇಲೆ ಹಡಗಿನ ಮೇಜಿನಲ್ಲಿ ಕೊಟ್ಟಿದ್ದ ಕಾಗದಗಳನ್ನೆಲ್ಲ ಹರಡಿಕೊಂಡು ಕುಳಿತೆವು. ಅಣ್ಣನ ಕ್ಯಾಬಿನ್ ರದ್ದಾದರೆ ಹಿಂದಕ್ಕೆ ಬಾರದ ಮುಂಗಡ 300 ಡಾಲರ್ ಹೋಗುತ್ತದೆ, 100 ಡಾಲರಿನ ಕ್ರೆಡಿಟ್ಟೂ ಹೋಗುತ್ತದೆ. ನಮ್ಮ ಕ್ಯಾಬಿನ್ ರದ್ದಾದರೆ ಮುಂಗಡ ಬರುತ್ತದೆ, ಆದರೆ 100 ಡಾಲರಿನ ಕ್ರೆಡಿಟ್ ಹೋಗುತ್ತದೆ, ಹೊಸ ಬುಕಿಂಗ್‌ಗೆ ಹೆಚ್ಚು ಮುಂಗಡ ಕಟ್ಟಬೇಕಾಗುತ್ತದೆ. ಒಟ್ಟು 500 ಡಾಲರ್ ನಷ್ಟ. ಅದೇ ಬುಕಿಂಗ್ ಸಂಖ್ಯೆಯನ್ನು ಉಳಿಸಿಕೊಂಡು ಹೊಸ ದಿನಾಂಕಕ್ಕೆ ಸರಿಸಿದರೆ, ಷರತ್ತಿನ ಪ್ರಕಾರ ನಮಗೆ ಯಾವ ಶುಲ್ಕವೂ ಇಲ್ಲ, ಅಣ್ಣನಿಗೆ ತಲೆಗೆ 100 ಡಾಲರಿನಂತೆ 200 ಡಾಲರ್ ಬದಲಾವಣೆ ಶುಲ್ಕ. ವೈನಿ ಬೋರ್ನ್‌ವಿಟಾ ತಂದಿಟ್ಟು, "ಹಡಗಾ ಇವತ್ತ ಬಿಟ್ರ ನಾಳೆ ಸಿಗತದವಾ, ರೊಕ್ಕಾ ಹೋದ್ರ ತಿರುಗಿ ಬರೂದಿಲ್ಲ, ನಿಂತು ವಿಚಾರ ಮಾಡ್ರಿ" ಎಂದರು. 500ಕ್ಕೂ 200ಕ್ಕೂ ನಡುವಿನ 300 ಡಾಲರ್ ಆಗಿನ ದರದಲ್ಲಿ 26,000 ರೂಪಾಯಿಯ ಆಸುಪಾಸು. ಇಬ್ಬರು ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನದಲ್ಲಿ ಹೋಗುವ ಖರ್ಚಿನ ದೊಡ್ಡ ಪಾಲು ಅದು.

ಬ್ಯಾಂಕಿನ ಕೆಲಸ ಗೊತ್ತಿದ್ದವರಿಗೆ ಇದರ ಒಳಗುಟ್ಟು ಬೇಗ ತಿಳಿಯುತ್ತದೆ. ನಿಶ್ಚಿತ ಠೇವಣಿಯನ್ನು ಅವಧಿಗೆ ಮೊದಲೇ ಮುರಿದರೆ ಹಳೆಯ ಬಡ್ಡಿದರ ಹೋಗುತ್ತದೆ, ಮತ್ತೆ ಇಟ್ಟರೆ ಅಂದಿನ ದರವೇ ಗತಿ. ಅದೇ ಠೇವಣಿಯನ್ನು ಧಾರವಾಡದ ಶಾಖೆಯಿಂದ ಗದಗಿನ ಶಾಖೆಗೆ ವರ್ಗಾಯಿಸಿದರೆ ಇಟ್ಟ ದಿನಾಂಕವೂ ದರವೂ ಹಾಗೆಯೇ ಇರುತ್ತವೆ. ಹಡಗಿನ ಬುಕಿಂಗ್‌ಗೂ ಒಂದು ಹುಟ್ಟಿದ ದಿನಾಂಕ ಇದೆ. ನಮ್ಮದರ ಹುಟ್ಟು 2024ರ ಡಿಸೆಂಬರಿನ ಆ ಸಂಜೆ, ಹಡಗಿನ ಆ ಮೇಜಿನ ಮೇಲೆ. ಅನುಕೂಲಗಳು ಆ ಹುಟ್ಟಿಗೆ ಅಂಟಿಕೊಂಡಿವೆ. ರದ್ದು ಮಾಡಿದ ಕ್ಷಣ ಆ ಸಂಖ್ಯೆ ಸಾಯುತ್ತದೆ, ಅದರೊಡನೆ ಅದಕ್ಕೆ ಅಂಟಿದ್ದೆಲ್ಲ ಹೋಗುತ್ತದೆ, ಆಮೇಲೆ ಎಷ್ಟು ಫೋನ್ ಮಾಡಿದರೂ ಅದನ್ನು ಎಬ್ಬಿಸುವುದು ಬಹಳ ಕಷ್ಟ.

ಆದರೆ ಎಲ್ಲ ಅನುಕೂಲಗಳೂ ಒಂದೇ ಜಾಗಕ್ಕೆ ಅಂಟಿರುವುದಿಲ್ಲ ಎಂಬುದು ನನಗೆ ತಿಳಿದದ್ದು ಷರತ್ತುಗಳನ್ನು ಮೂರನೆಯ ಸಲ ಓದಿದಾಗ. ಕಡಿಮೆ ಮುಂಗಡ ಮತ್ತು ಆನ್‌ಬೋರ್ಡ್ ಕ್ರೆಡಿಟ್ ಬುಕಿಂಗ್‌ಗೆ ಅಂಟಿದವು, ಸಂಖ್ಯೆ ಉಳಿದರೆ ಅವು ಉಳಿಯುತ್ತವೆ. ಪ್ರಯಾಣದ ದರ ಮತ್ತು ಆ ದಿನ ನಡೆಯುತ್ತಿದ್ದ ಮಾರಾಟದ ರಿಯಾಯಿತಿ ಹಾಗಲ್ಲ. ಅವು ಆ ಹಡಗಿನ ಆ ದಿನಾಂಕದ ದರಕ್ಕೆ ಅಂಟಿದವು. ಬೇರೆ ದಿನಾಂಕಕ್ಕೆ ಸರಿಸಿದರೆ ಹೊಸ ಪ್ರವಾಸಕ್ಕೆ ಬದಲಿಸಿದ ದಿನ ಯಾವ ದರ ನಡೆಯುತ್ತಿದೆಯೋ ಅದೇ ನಮ್ಮ ದರ, ಹಳೆಯ ದರವನ್ನು ಹೊತ್ತುಕೊಂಡು ಹೋಗಲು ಬರುವುದಿಲ್ಲ. ಇನ್ನು ಮೊದಲೇ ಕೊಂಡಿಟ್ಟ ವೈಫೈ, ದಡದ ಸುತ್ತಾಟ ಇಂಥವು ಆ ಒಂದು ಪ್ರವಾಸಕ್ಕೇ ಅಂಟಿದವು. ಅಣ್ಣ ಜನವರಿಯ ಪ್ರವಾಸಕ್ಕೆಂದು ವೈಫೈಯನ್ನು ಮೊದಲೇ ಕೊಂಡಿದ್ದ. ದಿನಾಂಕ ಬದಲಾದಾಗ ಅದು ತಾನಾಗಿಯೇ ರದ್ದಾಗಿ ಹಣ ಅವನ ಕಾರ್ಡಿಗೆ ವಾಪಸ್ಸಾಯಿತು, ಹೊಸ ಪ್ರವಾಸಕ್ಕೆ ಹೊಸದಾಗಿಯೇ ಕೊಳ್ಳಬೇಕು.

ಈ ಮೂರನ್ನು ಬೇರೆ ಬೇರೆ ಮಾಡಿ ನೋಡದೆ "ನಮ್ಮ ರಿಯಾಯಿತಿ ಉಳಿಯುತ್ತದೆಯೇ" ಎಂದು ಒಟ್ಟಾಗಿ ಕೇಳಿದರೆ ಉತ್ತರ ಕೊಡುವವರು ತಮಗೆ ಮೊದಲು ಹೊಳೆದ ಒಂದರ ಬಗ್ಗೆ ಹೌದು ಎನ್ನುತ್ತಾರೆ, ಕೇಳಿದವರು ಎಲ್ಲದಕ್ಕೂ ಹೌದು ಎಂದುಕೊಳ್ಳುತ್ತಾರೆ. ನನ್ನ ಗೆಳತಿಯೊಬ್ಬಳಿಗೆ ಹೀಗೆಯೇ ಆಗಿತ್ತು.

ನಾನು ಮೊದಲು ನೇರವಾಗಿ ಕ್ರೂಸ್ ಸಂಸ್ಥೆಗೆ ಫೋನ್ ಮಾಡಿದೆ. ಅವರು ಸೌಜನ್ಯದಿಂದಲೇ ಮಾತನಾಡಿದರು. ಆದರೆ ಬುಕಿಂಗ್ ಏಜೆಂಟರ ಹೆಸರಿನಲ್ಲಿರುವುದರಿಂದ ಬದಲಾವಣೆಯನ್ನು ಏಜೆಂಟರ ಮೂಲಕವೇ ಮಾಡಿಸಬೇಕೆಂದರು. ಕ್ರೂಸ್ ವ್ಯವಹಾರದಲ್ಲಿ ಇದು ಸಾಮಾನ್ಯ ನಿಯಮ. ಆದ್ದರಿಂದ ಹಡಗಿನಲ್ಲಿ ಬುಕಿಂಗ್ ಮಾಡುವಾಗ ಅದು ಯಾರ ಕೈಯಲ್ಲಿರಬೇಕೆಂದು ಕೇಳಿದಾಗ ಅವಸರದಲ್ಲಿ ಉತ್ತರಿಸಬಾರದು. ಏಜೆಂಟರಿಗೆ ಇಂಥ ಬದಲಾವಣೆ ಮಾಡಿ ಗೊತ್ತಿದ್ದರೆ ಅವರ ಕೈಯಲ್ಲಿರುವುದು ಒಳ್ಳೆಯದೇ.

ನಮ್ಮ ಹುಡುಗನಿಗೆ ಗೊತ್ತಿರಲಿಲ್ಲ, ಕಲಿಯುವ ಮನಸ್ಸು ಮಾತ್ರ ಇತ್ತು. ನಾನು ಅವನ ಎದುರಿಗೇ ಕುಳಿತು ಸಂಸ್ಥೆಗೆ ಕಳಿಸಬೇಕಾದ ಇಮೇಲ್ ಬರೆಸಿದೆ. ಈ ಎರಡು ಬುಕಿಂಗ್‌ಗಳನ್ನು ರದ್ದು ಮಾಡದೆ, ಇದೇ ಸಂಖ್ಯೆಗಳಲ್ಲಿ ನವೆಂಬರ್ 23ರ ಪ್ರವಾಸಕ್ಕೆ ಸರಿಸಬಹುದೇ? ಸರಿಸಿದರೆ ತಲಾ 150 ಡಾಲರಿನ ಮುಂಗಡವೇ ಸಾಕೇ, ಹೆಚ್ಚು ಕಟ್ಟಬೇಕೇ? 100 ಡಾಲರಿನ ಕ್ರೆಡಿಟ್ ಹೊಸ ಪ್ರವಾಸದಲ್ಲಿ ಎಷ್ಟಾಗುತ್ತದೆ? ಬದಲಾವಣೆ ಶುಲ್ಕ ಯಾವ ಕ್ಯಾಬಿನ್‌ಗೆ ಎಷ್ಟು? ಒಮ್ಮೆ ಸರಿಸಿದ ಮೇಲೆ ಇನ್ನೊಮ್ಮೆ ಸರಿಸಬೇಕಾದರೆ ಇವೇ ನಿಯಮಗಳು ನಡೆಯುತ್ತವೆಯೇ? ಒಂದೊಂದು ಪ್ರಶ್ನೆಯನ್ನೂ ಬೇರೆ ಸಾಲಿನಲ್ಲಿ ಬರೆಸಿದೆ, ಉತ್ತರವನ್ನೂ ಅದರ ಕೆಳಗೇ ಬರೆಯುವಂತೆ ಕೇಳಿಕೊಂಡೆ. ಫೋನಿನಲ್ಲಿ ಕೇಳಿದ ಭರವಸೆ ಫೋನ್ ಇಟ್ಟ ಮೇಲೆ ಯಾರದೂ ಅಲ್ಲ, ಬರೆದು ಕೊಟ್ಟ ಉತ್ತರಕ್ಕೆ ಒಬ್ಬರ ಹೆಸರೂ ದಿನಾಂಕವೂ ಇರುತ್ತವೆ. ಇದನ್ನು ನಾನು ಬ್ಯಾಂಕಿನ ಕೌಂಟರಿನ ಎರಡೂ ಬದಿಯಿಂದ ನೋಡಿದ್ದೇನೆ.

ಆರು ದಿನಗಳ ಮೇಲೆ ಬಂದ ಉತ್ತರದಲ್ಲಿ ಮೂರನೆಯ ಪ್ರಶ್ನೆಯ ಕೆಳಗಿನ ಸಾಲು ನಮ್ಮ ಯೋಜನೆಯನ್ನೇ ಬದಲಿಸಿತು. ಕ್ರೆಡಿಟ್‌ನ ಮೊತ್ತ ಎಷ್ಟು ರಾತ್ರಿಗಳ ಪ್ರವಾಸ, ಯಾವ ದರ್ಜೆಯ ಕ್ಯಾಬಿನ್ ಎಂಬುದರ ಮೇಲೆ ನಿಂತಿದೆ, ಐದು ಅಥವಾ ಹೆಚ್ಚು ರಾತ್ರಿಗಳಿಗೆ 100 ಡಾಲರ್, ಅದಕ್ಕಿಂತ ಕಡಿಮೆಯಾದರೆ 50 ಡಾಲರ್ ಎಂದಿತ್ತು. ನವೆಂಬರಿನಲ್ಲಿ ನಾಲ್ಕು ರಾತ್ರಿಗಳ ಒಂದು ಪ್ರವಾಸ ಅಗ್ಗವಾಗಿ ಕಂಡು ಅಣ್ಣನ ಮನಸ್ಸು ಅದರತ್ತ ವಾಲಿತ್ತು. ಕ್ರೆಡಿಟ್ ಅರ್ಧವಾಗುತ್ತದೆಂದು ತಿಳಿದ ಮೇಲೆ ಒಂದು ರಾತ್ರಿಯ ದರದ ವ್ಯತ್ಯಾಸವನ್ನೂ ಕಳೆಯುವ 50 ಡಾಲರನ್ನೂ ಅಕ್ಕಪಕ್ಕ ಬರೆದು ನೋಡಿದೆವು. ಐದು ರಾತ್ರಿಗಳ ಪ್ರವಾಸವೇ ಸರಿಯೆಂದು ನಾಲ್ವರೂ ಒಪ್ಪಿದೆವು. ಹಾಗೆಯೇ ಬಾಲ್ಕನಿ ಬಿಟ್ಟು ಒಳಗಿನ ಕಿಟಕಿಯಿಲ್ಲದ ಕ್ಯಾಬಿನ್‌ಗೆ ಇಳಿದರೂ ಕ್ರೆಡಿಟ್ ಇಳಿಯುತ್ತಿತ್ತು. ದಿನಾಂಕ ಬದಲಿಸುವವರು ರಾತ್ರಿಗಳ ಸಂಖ್ಯೆಯನ್ನೂ ಕ್ಯಾಬಿನ್‌ನ ದರ್ಜೆಯನ್ನೂ ಮೊದಲಿನಷ್ಟೇ ಇಟ್ಟುಕೊಳ್ಳುವುದು, ಅಥವಾ ಮೇಲಕ್ಕೆ ಹೋಗುವುದು, ಅನುಕೂಲಗಳನ್ನು ಕಾಪಾಡುವ ಅತ್ಯಂತ ಸರಳ ದಾರಿ.

ದರದ ವಿಷಯದಲ್ಲಿ ತಾಳ್ಮೆ ಫಲ ಕೊಟ್ಟಿತು. ಹಳೆಯ ಬುಕಿಂಗ್‌ನಲ್ಲಿ ನಮ್ಮ ದರ ತಲೆಗೆ 640 ಡಾಲರ್ ಇತ್ತು, ತೆರಿಗೆ, ಬಂದರು ಶುಲ್ಕ ಮತ್ತು ದಿನಕ್ಕಿಷ್ಟೆಂದು ಕೊಡಬೇಕಾದ ಸೇವಾ ಶುಲ್ಕ ಬೇರೆ. ಜುಲೈ ಕೊನೆಯಲ್ಲಿ ನವೆಂಬರಿನ ಪ್ರವಾಸಕ್ಕೆ ಅದೇ ದರ್ಜೆಯ ಕ್ಯಾಬಿನ್ 690 ಡಾಲರ್ ತೋರಿಸುತ್ತಿತ್ತು. ಕ್ರೂಸ್ ಸಂಸ್ಥೆಗಳು ವರ್ಷವಿಡೀ ಒಂದಲ್ಲ ಒಂದು ಮಾರಾಟ ನಡೆಸುತ್ತಲೇ ಇರುತ್ತವೆ, ಒಂದು ಮುಗಿದು ಇನ್ನೊಂದು ಶುರುವಾಗುವಾಗ ದರ ಏರಿಳಿಯುತ್ತದೆ. ಜನವರಿ 12ರ ಪ್ರವಾಸಕ್ಕೆ ಪೂರ್ತಿ ಹಣ ಕಟ್ಟುವ ಗಡುವು 90 ದಿನ ಮೊದಲು, ಅಂದರೆ ಅಕ್ಟೋಬರ್ 14. ಅಲ್ಲಿಯವರೆಗೆ ನಮಗೆ ಅವಸರವಿರಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ದರ 660ಕ್ಕೆ ಇಳಿದ ದಿನವೇ ಬದಲಿಸಿದೆವು. ಇನ್ನೂ ಇಳಿಯಲೆಂದು ಕಾಯುತ್ತ ಕುಳಿತಿದ್ದರೆ ಬೇಕಾದ ಕ್ಯಾಬಿನ್‌ಗಳು ಹೋಗುವ ಸಾಧ್ಯತೆಯಿತ್ತು, ಅದಕ್ಕಿಂತ ಹೆಚ್ಚಾಗಿ ಗಡುವು ದಾಟುವ ಭಯವಿತ್ತು. ಗಡುವು ದಾಟಿದ ಮೇಲೆ ಬದಲಾವಣೆಯ ಮಾತಿಲ್ಲ. ಅಲ್ಲಿಂದ ಶುರುವಾಗುವುದು ರದ್ದತಿಯ ದಂಡ, ಪ್ರವಾಸದ ದಿನ ಹತ್ತಿರವಾದಷ್ಟೂ ಅದು ಏರುತ್ತ ಹೋಗಿ ಕೊನೆಗೆ ಪೂರ್ತಿ ಹಣವನ್ನೇ ನುಂಗುತ್ತದೆ.

ಬದಲಿಸುವಾಗ ಒಂದು ಕ್ರಮವನ್ನು ಕಟ್ಟುನಿಟ್ಟಾಗಿ ಪಾಲಿಸಿದೆವು. ಮೊದಲು ಹೊಸ ಪ್ರವಾಸದಲ್ಲಿ ಅಕ್ಕಪಕ್ಕದ ಎರಡು ಕ್ಯಾಬಿನ್‌ಗಳನ್ನು ನಮ್ಮ ಹೆಸರಿನಲ್ಲಿ ಹಿಡಿದಿಡುವಂತೆ ಮಾಡಿ, ಅವುಗಳ ಸಂಖ್ಯೆಯನ್ನು ಬರೆದುಕೊಂಡು, ಆಮೇಲೆ ಹಳೆಯ ಕ್ಯಾಬಿನ್‌ಗಳನ್ನು ಬಿಟ್ಟುಕೊಟ್ಟೆವು. ಬಿಟ್ಟ ಕ್ಯಾಬಿನ್ ಅದೇ ಗಳಿಗೆಯಲ್ಲಿ ಮಾರಾಟಕ್ಕೆ ಹೋಗುತ್ತದೆ, ಏನೋ ತಪ್ಪಾಯಿತೆಂದು ಹಿಂದಕ್ಕೆ ಹೋಗಲು ದಾರಿ ಇರುವುದಿಲ್ಲ. ವೈನಿಗೆ ಅಲೆಗಳ ಓಲಾಟ ಸಹಿಸದು, ಆದ್ದರಿಂದ ಹಡಗಿನ ಮಧ್ಯಭಾಗದ ಕೆಳ ಅಂತಸ್ತಿನ ಕ್ಯಾಬಿನ್‌ಗಳನ್ನೇ ಆರಿಸಿದೆವು. ಅಲ್ಲಿ ಓಲಾಟ ಎಲ್ಲಕ್ಕಿಂತ ಕಡಿಮೆ.

ಅಣ್ಣ 200 ಡಾಲರ್ ಶುಲ್ಕ ಕಟ್ಟಿದ. ಅಗ್ಗದ ದರ ಆರಿಸಿ ಇಬ್ಬರಿಗೆ ಉಳಿಸಿದ್ದು 60 ಡಾಲರ್. ಇದನ್ನು ನಾನು ಅಣ್ಣನ ಅನುಮತಿ ಪಡೆದೇ ಬರೆಯುತ್ತಿದ್ದೇನೆ, ಏಕೆಂದರೆ ಹಡಗಿನ ಮೇಜಿನ ಮುಂದೆ ಕುಳಿತವರಿಗೆ ತಲೆಗೆ 30 ಡಾಲರಿನ ವ್ಯತ್ಯಾಸ ಎದ್ದು ಕಾಣುತ್ತದೆ, ಹದಿಮೂರು ತಿಂಗಳಲ್ಲಿ ಒಂದು ಕುಟುಂಬದಲ್ಲಿ ಏನೇನು ಆಗಬಹುದೆಂಬುದು ಕಾಣುವುದಿಲ್ಲ. ವರ್ಷಕ್ಕಿಂತ ಮುಂದಿನ ದಿನಾಂಕಕ್ಕೆ ಕಾಯ್ದಿರಿಸುವುದಾದರೆ ಹಿಂದಕ್ಕೆ ಪಡೆಯಬಹುದಾದ ಮುಂಗಡವೇ ನನ್ನ ಆಯ್ಕೆ, ಈಗಲೂ ಮುಂದೆಯೂ.

ಕೆಲಸ ಮುಗಿಯಿತೆಂದುಕೊಂಡಾಗ ಹೊಸ ದೃಢೀಕರಣ ಪತ್ರ ಬಂತು. ನಾನು ಹಳೆಯ ಪತ್ರವನ್ನು ಎಡಕ್ಕೆ, ಹೊಸದನ್ನು ಬಲಕ್ಕೆ ಇಟ್ಟುಕೊಂಡು ಅಡ್ಡಪಟ್ಟಿ ಹಿಡಿದು ಒಂದೊಂದೇ ಸಾಲನ್ನು ಹೋಲಿಸಿದೆ. ಅಣ್ಣನ ಪತ್ರದಲ್ಲಿ ಆನ್‌ಬೋರ್ಡ್ ಕ್ರೆಡಿಟ್ 100.00 ಎಂದು ಸರಿಯಾಗಿಯೇ ಇತ್ತು. ನಮ್ಮ ಪತ್ರದಲ್ಲಿ ಬುಕಿಂಗ್ ಸಂಖ್ಯೆ ಅದೇ, ಮುಂಗಡ ಅದೇ, ಹೆಸರುಗಳು ಸರಿ, ಕ್ಯಾಬಿನ್ ಸರಿ. ಆದರೆ ಕ್ರೆಡಿಟ್ ಇರಬೇಕಾದ ಜಾಗದಲ್ಲಿ 0.00 ಎಂದಿತ್ತು. ಹಳೆಯ ಪತ್ರದ ಪ್ರತಿಯನ್ನೂ ಇಮೇಲಿನಲ್ಲಿ ಅವರೇ ಕೊಟ್ಟ ಉತ್ತರವನ್ನೂ ಜೋಡಿಸಿ ಕಳಿಸಿದೆವು. ನಾಲ್ಕು ದಿನಗಳಲ್ಲಿ ಸರಿಪಡಿಸಿದ ಪತ್ರ ಬಂತು. ದಿನಾಂಕ ಬದಲಿಸುವಾಗ ಅದು ಬಿಟ್ಟುಹೋಗಿತ್ತೆಂದು ಅವರು ಒಪ್ಪಿಕೊಂಡರು. ಬರೆದು ಪಡೆದ ಉತ್ತರ ಕೈಯಲ್ಲಿ ಇಲ್ಲದಿದ್ದರೆ ಆ ಸೊನ್ನೆಯನ್ನು ನೂರು ಮಾಡಿಸಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ಪ್ರವಾಸದ ದಿನ ಹಡಗು ಹತ್ತಿದ ಮೇಲೆ ಇದನ್ನು ಕಂಡಿದ್ದರೆ ಇನ್ನೂ ಕಷ್ಟವಾಗುತ್ತಿತ್ತು.

ಡಿಸೆಂಬರಿನಲ್ಲಿ ಇನ್ನೊಂದು ಪರೀಕ್ಷೆ ಬಂತು. ನವೆಂಬರಿನ ಅದೇ ಪ್ರವಾಸಕ್ಕೆ ಹೊಸ ಮಾರಾಟ ಶುರುವಾಗಿ ನಮ್ಮ ಕ್ಯಾಬಿನ್‌ನ ದರ ಇಬ್ಬರಿಗೆ ಸೇರಿ 40 ಡಾಲರ್ ಇಳಿಯಿತು. ಪೂರ್ತಿ ಹಣ ಕಟ್ಟುವ ಮೊದಲು ದರ ಇಳಿದರೆ ಇಳಿದ ದರಕ್ಕೆ ಬದಲಿಸಿಕೊಡಿ ಎಂದು ಕೇಳಬಹುದು, ಬಹಳ ಮಂದಿ ಇದನ್ನು ಕೇಳುವುದೇ ಇಲ್ಲ. ಏಜೆಂಟರ ಕಚೇರಿಯ ಹುಡುಗ ಈ ಸಲ ತಾನೇ ಫೋನ್ ಮಾಡಿ ತಿಳಿಸಿದ, ಅದು ನನಗೆ ಬಹಳ ಸಂತೋಷ ಕೊಟ್ಟಿತು. ಆದರೆ ಆ ಮಾರಾಟದ ಷರತ್ತಿನಲ್ಲಿ ಅದನ್ನು ಬೇರೆ ಕ್ರೆಡಿಟ್‌ಗಳ ಜೊತೆ ಸೇರಿಸಲು ಬರುವುದಿಲ್ಲವೆಂದಿತ್ತು. 40 ಡಾಲರ್ ಉಳಿಸಲು 100 ಡಾಲರ್ ಬಿಡಬೇಕು. ಬೇಡವೆಂದೆವು. ಇಳಿದ ದರ ಕಂಡಾಗ ಕೇಳಬೇಕಾದ ಪ್ರಶ್ನೆ ಎಷ್ಟು ಇಳಿಯಿತು ಎಂಬುದಷ್ಟೇ ಅಲ್ಲ, ಅದಕ್ಕೆ ಬದಲಾಗಿ ನಮ್ಮಿಂದ ಏನು ಹೋಗುತ್ತದೆ ಎಂಬುದು ಕೂಡ.

ದಿನಾಂಕ ಹತ್ತು ತಿಂಗಳು ಮುಂದೆ ಹೋದದ್ದರಿಂದ ಹಡಗಿಗೆ ಸಂಬಂಧವಿಲ್ಲದ ಕೆಲವು ಕಾಗದಗಳೂ ಅಲುಗಾಡಿದವು. ಯಜಮಾನರ ಪಾಸ್‌ಪೋರ್ಟ್ 2027ರ ಮಾರ್ಚ್‌ನವರೆಗೆ ಇದೆ. ಜನವರಿ 2026ರ ಪ್ರವಾಸಕ್ಕೆ ಅದು ಸಾಕಾಗಿತ್ತು, ನವೆಂಬರ್ 2026ಕ್ಕೆ ಸಾಲದು, ಏಕೆಂದರೆ ಪ್ರವಾಸದ ಮೇಲೆ ಆರು ತಿಂಗಳಾದರೂ ಪಾಸ್‌ಪೋರ್ಟಿನ ಅವಧಿ ಉಳಿದಿರಬೇಕು. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ನವೀಕರಣಕ್ಕೆ ಅರ್ಜಿ ಹಾಕಿದ್ದಾರೆ, ಹೊಸ ಸಂಖ್ಯೆ ಬಂದ ಮೇಲೆ ಬುಕಿಂಗ್‌ನಲ್ಲಿಯೂ ಅದನ್ನು ಬದಲಿಸಬೇಕು. ಸಿಂಗಪುರದ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸುವಂಥದ್ದಾಗಿರಬೇಕು. ಹಡಗು ಸಿಂಗಪುರ ಬಿಟ್ಟು ಬೇರೆ ದೇಶದ ಬಂದರಿಗೆ ಹೋಗಿ ಮತ್ತೆ ಸಿಂಗಪುರಕ್ಕೆ ಬರುವುದರಿಂದ ಕೊನೆಯ ದಿನ ಇಳಿಯುವುದು ಎರಡನೆಯ ಪ್ರವೇಶವಾಗುತ್ತದೆ.

ಹಣದ ಲೆಕ್ಕದಲ್ಲಿ ಇನ್ನೊಂದು ಮಾತು. ವಿದೇಶ ಪ್ರವಾಸದ ಪ್ಯಾಕೇಜನ್ನು ಇಲ್ಲಿನ ಏಜೆಂಟರಿಂದ ಕೊಂಡಾಗ ಅವರು ಟಿಸಿಎಸ್, ಅಂದರೆ ಮಾರುವವರೇ ಮೊದಲೇ ಹಿಡಿದು ಸರಕಾರಕ್ಕೆ ಕಟ್ಟುವ ಆದಾಯ ತೆರಿಗೆ, ವಸೂಲಿ ಮಾಡುತ್ತಾರೆ. 2025ರ ಏಪ್ರಿಲ್ 1ರಿಂದ ಆ ಆರ್ಥಿಕ ವರ್ಷಕ್ಕೆ 10 ಲಕ್ಷ ರೂಪಾಯಿಯವರೆಗೆ ಶೇ 5, ಅದರ ಮೇಲೆ ಶೇ 20 ಇತ್ತು. ಇದು ಕಳೆದುಹೋಗುವ ಹಣವಲ್ಲ, ಕಟ್ಟಿದವರ ಪ್ಯಾನ್ ಸಂಖ್ಯೆಯ ಮೇಲೆ ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲಿ ಕಾಣಿಸುತ್ತದೆ, ರಿಟರ್ನ್ಸ್ ಸಲ್ಲಿಸುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು. ನಮ್ಮ ಬಾಕಿ ಹಣ ಈಗ ಬೇರೆ ಆರ್ಥಿಕ ವರ್ಷದಲ್ಲಿ ಕಟ್ಟಬೇಕಾಗಿರುವುದರಿಂದ ಆ ವರ್ಷದ ದರವನ್ನೇ ನೋಡಿಕೊಳ್ಳಬೇಕು, ಯಾರ ಪ್ಯಾನ್ ಸಂಖ್ಯೆಯಲ್ಲಿ ಕಟ್ಟುತ್ತೇವೆಂಬುದನ್ನೂ ಮೊದಲೇ ನಿಶ್ಚಯಿಸಬೇಕು. ಅಣ್ಣನ ವೈಫೈ ಹಣ ಡಾಲರಿನಲ್ಲಿ ಪೂರ್ತಿ ಬಂದರೂ ರೂಪಾಯಿಗೆ ತಿರುಗುವಾಗ ಆ ದಿನದ ದರದಲ್ಲಿ ಬಂತು, ಕೊಳ್ಳುವಾಗ ಬ್ಯಾಂಕ್ ಹಾಕಿದ್ದ ವಿದೇಶಿ ವಿನಿಮಯದ ಶುಲ್ಕ ಮಾತ್ರ ಹಿಂದಕ್ಕೆ ಬರಲಿಲ್ಲ.

ಮೊಮ್ಮಗಳು ಜನವರಿ 9ರಂದು ಹುಟ್ಟಿದಳು. ನಾವು ಹಡಗು ಹತ್ತಬೇಕಿದ್ದ 12ನೆಯ ತಾರೀಖು ನಾನು ಒಳಕೋಣೆಯಲ್ಲಿ ಮಗಳಿಗೆ ಅಂಟಿನುಂಡೆ ಕೊಟ್ಟು, ಕೂಸಿಗೆ ಎಣ್ಣೆ ಹಚ್ಚುತ್ತ ಕುಳಿತಿದ್ದೆ. ನವೆಂಬರ್ 23ರ ಪ್ರವಾಸಕ್ಕೆ ಪೂರ್ತಿ ಹಣ ಕಟ್ಟುವ ಗಡುವು ಆಗಸ್ಟ್ 25, ಶ್ರಾವಣದ ಮಂಗಳವಾರ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ಚೌಕಕ್ಕೆ ಕೆಂಪು ಗುರುತು ಹಾಕಿದ್ದೇನೆ. ಅದಕ್ಕಿಂತ ಹತ್ತು ದಿನ ಮೊದಲು ಎರಡೂ ದೃಢೀಕರಣ ಪತ್ರಗಳನ್ನು ಮತ್ತೊಮ್ಮೆ ತರಿಸಿ, ಕ್ರೆಡಿಟ್‌ನ ಸಾಲಿನಲ್ಲಿ ನೂರು ಇನ್ನೂ ಇದೆಯೇ ಎಂದು ನೋಡಿ, ಆಮೇಲೆ ಬಾಕಿ ಕಟ್ಟುತ್ತೇವೆ.